ವಸೂಲಿ

1963 ಜನವರಿ 21, ಸೋಮವಾರ. ಶಿವಮೊಗ್ಗ

ಪೂಜೆ ಮುಗಿಸಿ ಎಂಟೂವರೆಗೆ ಅಂಗಡಿ ಬಾಗಿಲು ತೆಗೆದೆ. ಗಿರಾಕಿ ಕಡಿಮೆ. ಮದರಾಸಿನಿಂದ ಸ್ಟೀಲಿನ ತಟ್ಟೆಗಳು ಬಂದಿವೆ. ಎಲ್ಲರೂ ಮುಟ್ಟಿ ನೋಡುತ್ತಾರೆ, ಮುಖ ನೋಡಿಕೊಳ್ಳುತ್ತಾರೆ, ಕೊನೆಗೆ ಹಿತ್ತಾಳೆಯದನ್ನೇ ಕಟ್ಟಿಸಿಕೊಂಡು ಹೋಗುತ್ತಾರೆ.

ಮಧ್ಯಾಹ್ನ ಕೆಂಚಪ್ಪ ಬಂದ. ಭದ್ರಾವತಿಯಲ್ಲಿ ಸೌದೆ, ಇದ್ದಿಲಿನ ಕಂಟ್ರಾಕ್ಟರ್. ಮಾತು ಮುಗಿಯಿತು. ಅಲ್ಲಿನ ಹಳೇ ನಗರದ ನಮ್ಮ ಮನೆ ಅವನಿಗೆ ಮಾರಿದೆ. ಕರಾರಿಗೆ ಇಬ್ಬರ ಸಹಿಯೂ ಬಿತ್ತು. ಯುಗಾದಿಯೊಳಗೆ ಮನೆ ಖಾಲಿ ಮಾಡಿಸಿಕೊಡಬೇಕು, ಅವತ್ತೇ ರಿಜಿಸ್ಟರ್.

“ಬಾಡಿಗೆಯವರು ತಕರಾರು ಮಾಡಲ್ವಾ ಸಾಹುಕಾರ್ರೆ?” ಅಂದ.

“ಒಂಟಿ ಹೆಂಗಸು. ಏನು ಮಾಡ್ತಾಳೆ?” ಅಂದೆ.

ಚೌಕಾಸಿ ಮಾಡಿ ಗೆದ್ದೆ ಅಂತ ಹಿಗ್ಗಿಕೊಂಡು ಹೋದ. ಪಾಪ. ಅರ್ಧಕ್ಕೆ ಕೇಳಿದ್ದರೂ ಕೊಡುತ್ತಿದ್ದೆ. ನನಗೆ ಬೇಕಾದದ್ದು ಅವನ ದುಡ್ಡಲ್ಲ. ಆ ಪುಷ್ಪಮ್ಮ ತನ್ನ ಹೊಲಿಗೆ ಮಿಷನ್ನು ಗಾಡಿಗೆ ಹೇರಿಕೊಂಡು ಬೀದಿಗೆ ಇಳಿಯಬೇಕು. ಎದುರು ಜಗಲಿಯಲ್ಲಿ ಕೂತು ನಾನು ನೋಡಬೇಕು. ಅಷ್ಟೇ.

ಅವ್ವನಿಗೆ ಹೇಳಿಲ್ಲ. ನಮ್ಮ ಮನೆಯಲ್ಲಿ ಭದ್ರಾವತಿ ಅನ್ನುವ ಮಾತೇ ಇಲ್ಲ. ನಾನು ಹತ್ತು ವರ್ಷದವನಿದ್ದಾಗಿನಿಂದ ಇಲ್ಲ. ಅಪ್ಪಾಜಿ ಶನಿವಾರ ಸಂಜೆ ಹೊರಟರೆ ಸೋಮವಾರ ಬೆಳಿಗ್ಗೆ ಬರುವುದು. ಯಾರು ಕೇಳಿದರೂ ಅವ್ವ ಹೇಳುತ್ತಿದ್ದದ್ದು ಒಂದೇ — “ವಸೂಲಿಗೆ ಹೋಗಿದ್ದಾರೆ.” ಸೋಮವಾರ ಅವಳೇ ನೀರು ಕಾಸಿಟ್ಟು, ಪೂಜೆಗೆ ಅಣಿ ಮಾಡಿ, ಎದುರಿಗೆ ಬಾರದೆ ಅಡುಗೆಮನೆಯಲ್ಲಿ ಇರುತ್ತಿದ್ದಳು. ಮೂವತ್ತು ವರ್ಷ.

ಇನ್ನು ವಸೂಲಿ ನನ್ನದು.

ಜನವರಿ 27, ಭಾನುವಾರ

ಭದ್ರಾವತಿಗೆ ಹೋಗಿ ಬಂದೆ. ಮೈಯೆಲ್ಲ ಉರಿಯುತ್ತಿದೆ. ಬರೆದರೆ ಇಳಿಯಬಹುದು.

ಬಾಗಿಲು ತೆಗೆದೇ ಇತ್ತು. ಪಡಸಾಲೆಯಲ್ಲಿ ಮಿಷನ್ ಮುಂದೆ ಕೂತಿದ್ದಳು. ಐವತ್ತಾಗಿರಬೇಕು. ಕನ್ನಡಕ. ಯಾರದೋ ಮಗುವಿನ ಲಂಗ ಹೊಲಿಯುತ್ತಿದ್ದಳು. ಗೋಡೆಗೆ ಬಟ್ಟೆ ತುಂಡುಗಳ ಗಂಟು. ಎಲ್ಲ ಒಪ್ಪ ಓರಣ. ಅದನ್ನು ನೋಡಿಯೇ ಸಿಟ್ಟು ಬಂತು.

“ಮನೆ ಮಾರಿದ್ದೀನಿ. ಯುಗಾದಿಯೊಳಗೆ ಖಾಲಿ ಮಾಡು,” ಅಂದೆ.

ಬೇಕೆಂದೇ ಏಕವಚನ. ಅವಳು ಸೂಜಿಗೆ ದಾರ ಪೋಣಿಸಿ ಮುಗಿಸಿದ ಮೇಲೆ ತಲೆ ಎತ್ತಿದಳು.

“ಕೂತ್ಕೊಳ್ಳಿ ಶಿವಯೋಗಪ್ಪೋರೆ.”

“ಕೂರೋಕೆ ಬಂದಿಲ್ಲ.”

“ಬಾಡಿಗೆ ಏನಾದ್ರೂ ನಿಂತಿದೆಯಾ? ಯಜಮಾನ್ರು ಹೋದ ಮೇಲೂ ಮನಿ ಆರ್ಡರ್ ಮಾಡ್ತಾ ಇದ್ದೀನಲ್ಲ.”

“ನನ್ನ ಹತ್ರ ಬಾಡಿಗೆ ಮಾತಾಡಬೇಡ. ನೀನು ಎಂಥ ಬಾಡಿಗೆಯೋಳು ಅಂತ ಊರಿಗೇ ಗೊತ್ತು.”

“ಊರಿಗೆ ಗೊತ್ತಿರೋದು ನಾನು ನಿಮ್ಮ ತಂದೆ ಉಜ್ಜನಪ್ಪೋರ ಮನೇಲಿ ಬಾಡಿಗೆಗೆ ಇದ್ದೀನಿ ಅಂತ. ಅವರೇ ಹಾಗೆ ಹೇಳಿದ್ರು, ಚೀಟೀನೂ ಕೊಟ್ರು. ಅದಕ್ಕಿಂತ ಹೆಚ್ಚು ನಾನೂ ಹೇಳಿಲ್ಲ, ಯಾರೂ ಕೇಳಿಲ್ಲ.” ದನಿ ಏರಿಸಲಿಲ್ಲ. “ಈ ಮನೆ ಬಿಟ್ರೆ ನಂಗೆ ಇನ್ನೊಂದು ಮನೆ ಯಾರು ಕೊಡ್ತಾರೆ? ಗಂಡ ಎಲ್ಲಿ, ಏನು ಮಾಡ್ತಾನೆ ಅಂತಾರೆ. ಏನು ಹೇಳ್ಲಿ? ಇಲ್ಲಿ ಆ ಪ್ರಶ್ನೆ ಇಲ್ಲ. ನಾನು ಹೋಗಲ್ಲ.”

“ಎಳೆದು ಹಾಕಿಸ್ತೀನಿ.”

“ನೋಡಿ,” ಅಂದಳು. ಮತ್ತೆ ಮಿಷನ್ ತುಳಿಯತೊಡಗಿದಳು. ನಾನು ನಿಂತೇ ಇದ್ದೆ. ನನ್ನ ಮನೆಯಲ್ಲಿ, ನನ್ನ ಎದುರಿಗೆ, ಕೆಲಸಕ್ಕೆ ಬಂದ ಆಳನ್ನು ಕಳಿಸುವ ಹಾಗೆ ನನ್ನನ್ನು ಕಳಿಸಿದಳು.

ಫೆಬ್ರವರಿ 23, ಶನಿವಾರ

ನಿನ್ನೆ ಶಿವರಾತ್ರಿ. ಜಾಗರಣೆ. ನಿದ್ದೆಗೆಟ್ಟ ಕಣ್ಣಿಗೆ ಅಕ್ಟೋಬರಿನ ಆ ಬೆಳಗ್ಗೆಯೇ ಕಾಣುತ್ತದೆ.

ಅಪ್ಪಾಜಿ ಪ್ರಾಣ ಬಿಟ್ಟದ್ದು ಆ ಮನೆಯಲ್ಲಿ. ಎದೆನೋವು. ನಮಗೆ ಸುದ್ದಿ ಬಂದು ಕಾರು ಮಾಡಿಕೊಂಡು ಹೋಗುವ ಹೊತ್ತಿಗೆ ಎಲ್ಲ ಮುಗಿದಿತ್ತು. ಹಣೆಗೆ ವಿಭೂತಿ ಹಚ್ಚಿ, ಮಡಿ ಪಂಚೆ ಹೊದಿಸಿ ಜಗಲಿಯ ಮೇಲೆ ಮಲಗಿಸಿದ್ದರು. ಅವಳು ಒಳಬಾಗಿಲ ಹತ್ತಿರ ನಿಂತಿದ್ದಳು. ಹೊರಗೆ ಬರಲಿಲ್ಲ.

“ಕಡೆಗೆ ಏನಾದ್ರೂ ಅಂದ್ರಾ?” ಅಂತ ಕೇಳಿದೆ. ಆಗ ಇನ್ನೂ ಬಹುವಚನವೇ.

“ನೀರು ಕೇಳಿದ್ರು. ಕೊಟ್ಟೆ,” ಅಂದಳು.

ಹೆತ್ತ ಮಗ ನಾನು ಇದ್ದೆ. ಕೈಹಿಡಿದ ಹೆಂಡತಿ ಇದ್ದಳು. ಬಾಯಿಗೆ ಕಡೆಯ ನೀರು ಅವಳ ಕೈಯಿಂದ. ಹೆಣ ಶಿವಮೊಗ್ಗಕ್ಕೆ ತಂದ ಮೇಲೆ ಅವ್ವ ಅದರ ಮುಂದೆ ಕೂತು ಕೇಳಿದ್ದು ಒಂದೇ ಮಾತು — “ನೀರು ಯಾರು ಬಿಟ್ಟರು?” ನಾನು ಸುಳ್ಳು ಹೇಳಿದೆ. ನಾನೇ ಅಂದೆ. ಅವಳು ನನ್ನ ಮುಖ ನೋಡಿದಳು. ನಂಬಲಿಲ್ಲ.

ಆ ನೋಟಕ್ಕೆ ಆ ಹೆಂಗಸು ಬೆಲೆ ತೆರಬೇಕು. ಬಿಡುವುದಿಲ್ಲ.

ಮಾರ್ಚ್ 28, ಗುರುವಾರ

ಯುಗಾದಿ ಹೋಯಿತು. ಲಾಯರ್ ಕಡೆಯಿಂದ ಕಳಿಸಿದ ನೋಟೀಸಿಗೆ ಜವಾಬಿಲ್ಲ. ಬಾಡಿಗೆ ಮನಿ ಆರ್ಡರ್ ಮಾತ್ರ ತಪ್ಪದೆ ಬಂತು. ವಾಪಸ್ ಕಳಿಸಿದೆ.

ಕೆಂಚಪ್ಪ ಅಂಗಡಿಗೆ ಬಂದು ಕೂತು ಎರಡು ಸಲ ಕಾಫಿ ಕುಡಿದ. “ದೀಪಾವಳಿವರೆಗೆ ಕಾಯ್ತೀನಿ,” ಅಂದ. ಮುಖ ಸರಿಯಿರಲಿಲ್ಲ.

ಆ ಮನೆಗೆ ಬೀದಿಯ ಕಡೆ ಒಂದು ಹೊರಕೋಣೆ ಇದೆ. ಅವಳ ಬಾಡಿಗೆಗೆ ಸೇರಿಲ್ಲ. ಬೀಗದ ಕೈ ನನ್ನ ಹತ್ತಿರ. ಇವತ್ತು ಊಟ ಮಾಡುತ್ತಿದ್ದಾಗ ಅದಕ್ಕೊಂದು ಉಪಯೋಗ ಹೊಳೆಯಿತು. ನಗು ಬಂತು. ಹೆಂಡತಿ ರಾಜೇಶ್ವರಿ, “ಯಾಕ್ರೀ, ಒಬ್ಬರೇ ನಗ್ತೀರ?” ಅಂದಳು. ಬದನೆಕಾಯಿ ಪಲ್ಯ ಚೆನ್ನಾಗಿದೆ ಅಂದೆ.

ಏಪ್ರಿಲ್ 8, ಸೋಮವಾರ

ಬಹಳ ದಿನದ ಮೇಲೆ ಸಂತೋಷದ ದಿನ.

ನಮ್ಮ ಅಂಗಡಿಗೆ ಹಂಡೆ, ಕೊಪ್ಪರಿಗೆ ಬಡಿದು ಕೊಡುವ ಇಬ್ಬರನ್ನು ಸಾಮಾನು ಸಮೇತ ಭದ್ರಾವತಿಗೆ ಸಾಗಿಸಿದೆ. ಹೊರಕೋಣೆಯಲ್ಲಿ ಕೆಲಸ. ಹೊತ್ತು ಮೂಡುವಾಗ ಶುರು, ದೀಪ ಹಚ್ಚುವವರೆಗೆ ನಿಲ್ಲಿಸಬಾರದು. ಕೂಲಿ ಮೇಲೆ ಇನಾಮು.

ಮೊದಲ ಹೊಡೆತ ಬಿದ್ದಾಗ ಅಲ್ಲೇ ಇದ್ದೆ. ಟಣ್! ತಾಮ್ರದ ಹಾಳೆ ಮೇಲೆ ಸುತ್ತಿಗೆ. ಗೋಡೆಯೇ ನಡುಗಿತು. ಗೋಡೆಯ ಆಚೆ ಅವಳ ಮಿಷನ್ ನಿಂತಿತು. ಸ್ವಲ್ಪ ಹೊತ್ತಿಗೆ ಮತ್ತೆ ಶುರುವಾಯಿತು. ಇರಲಿ. ಎಷ್ಟು ದಿನ ತುಳಿಯುತ್ತಾಳೋ ನೋಡುತ್ತೇನೆ.

ಬಸ್ಸಿನಲ್ಲಿ ಬರುತ್ತ ದಾರಿಯುದ್ದಕ್ಕೂ ಕಿವಿಯಲ್ಲಿ ಟಣ್ ಟಣ್. ಹಿತವಾಗಿತ್ತು.

ಏಪ್ರಿಲ್ 14, ಭಾನುವಾರ

ವಾರವೂ ನಡೆಯಲಿಲ್ಲ. ಥೂ.

ಅವಳು ಒಂದು ಮಾತೂ ಆಡಲಿಲ್ಲವಂತೆ. ಎದ್ದದ್ದು ಬೀದಿಯವರು. ಆ ಬೀದಿ ತುಂಬ ಕಾರ್ಖಾನೆ ಕೆಲಸಗಾರರು. ಅರ್ಧ ಜನ ನೈಟ್ ಶಿಫ್ಟ್ ಮುಗಿಸಿ ಬೆಳಿಗ್ಗೆ ಮಲಗುವವರು. ನನಗೆ ಆ ಯೋಚನೆಯೇ ಬಂದಿರಲಿಲ್ಲ. ನಿನ್ನೆ ಹತ್ತು ಹದಿನೈದು ಮಂದಿ ಬಂದು ಸುತ್ತಿಗೆ ಕಿತ್ತುಕೊಂಡರಂತೆ. ಇವತ್ತು ನಾನು ಹೋದಾಗಲೂ ಜಗಲಿ ಸುತ್ತ ನಿಂತಿದ್ದರು. ಕೆಂಗಣ್ಣು. ಮುಂದೆ ನಿಂತವನು ತಮಿಳಿನವನು.

“ಏನ್ ಸಾಮಿ, ಮನುಷ್ಯ ತೂಂಗಬೇಕಾ ಬೇಡ್ವಾ? ರಾತ್ರಿ ಎಲ್ಲ ಬೆಂಕಿ ಮುಂದೆ, ಹಗಲೆಲ್ಲ ನಿಮ್ಮ ಟಣ್ ಟಣ್. ನಿದ್ದೆಗಣ್ಣಲ್ಲಿ ಕೈ ಕುಲುಮೆಗೆ ಹೋದ್ರೆ ನೀವು ಕೊಡ್ತೀರಾ ಕೈ?”

“ನನ್ನ ಮನೆ. ನನ್ನಿಷ್ಟ.”

“ನಮ್ಮ ಬೀದಿ,” ಅಂದ ಅವನು. ಅಷ್ಟೇ ಅಂದ. ಹಿಂದಿದ್ದವರು ಒಂದು ಹೆಜ್ಜೆ ಮುಂದೆ ಬಂದರು.

ಸಾಮಾನು ಲಾರಿಗೆ ಹೇರಿಸಿದೆ. ಅವಳು ಕಿಟಕಿಯಲ್ಲಿ ನಿಂತಿದ್ದಳು. ನಕ್ಕಿದ್ದರೆ ಒಳ್ಳೆಯದಿತ್ತು. ನಗಲಿಲ್ಲ. “ಬಿಸಿಲಿದೆ, ಮಜ್ಜಿಗೆ ಬೇಕಾ?” ಅಂದಳು. ಅದು ಕೆಲಸದವರಿಗೋ ನನಗೋ ತಿಳಿಯಲಿಲ್ಲ. ಕೆಲಸದವರು ಕುಡಿದರು.

ಜೂನ್ 5, ಬುಧವಾರ

ಲಾಯರ್ ಷಣ್ಮುಖಪ್ಪನ ಮನೆಗೆ ಹೋಗಿದ್ದೆ. ಹೈಸ್ಕೂಲಿನಿಂದ ಜೊತೆಗಾರ. ಹೊರಗೆ ಮಳೆ, ಒಳಗೆ ಅವನ ಚುಟ್ಟದ ಹೊಗೆ.

“ಮಾರಾಯ, ಕೇಳು,” ಅಂದ. “ಮನೆ ಮಾರಿದ್ದೀನಿ, ಅದಕ್ಕೇ ಏಳು ಅಂತ ಬಾಡಿಗೆಯೋರನ್ನ ಎಬ್ಬಿಸೋಕೆ ಕಾನೂನಲ್ಲಿ ದಾರಿ ಇಲ್ಲ. ಬಾಡಿಗೆ ಕಟ್ತಾ ಇದ್ದಾಳೆ, ಚೀಟಿ ಇದೆ. ಹೋಗ್ತಾ ಹೋಗ್ತಾ ನಿಮ್ಮಪ್ಪ ಅವಳಿಗೆ ಕೋಟೆ ಕಟ್ಟಿಕೊಟ್ಟು ಹೋಗಿದ್ದಾರೆ.”

“ಆ ಚೀಟಿ ಬರೀ ನಾಮ್‌ಕೇವಾಸ್ತೆ. ಜನರ ಕಣ್ಣಿಗೆ.”

“ಹೌದಲ್ಲ? ಅದನ್ನೇ ಕೋರ್ಟಲ್ಲಿ ಹೇಳಬೇಕು. ಅವಳು ಬಾಡಿಗೆಯೋಳೇ ಅಲ್ಲ, ಮನೆ ಯಜಮಾನ ಬೇರೆ ಕಾರಣಕ್ಕೆ ತಂದಿಟ್ಟುಕೊಂಡಿದ್ದ, ಚೀಟಿ ಸುಳ್ಳು — ಅಂತ. ಆಗ ಬಾಡಿಗೆ ಕಾನೂನಿನ ರಕ್ಷಣೆ ಅವಳಿಗೆ ಇಲ್ಲ.” ಚುಟ್ಟ ಕೆಳಗಿಟ್ಟ. “ಆ ಬೇರೆ ಕಾರಣ ಏನು ಅಂತ ನೀನೇ ಕಟಕಟೆಯಲ್ಲಿ ನಿಂತು, ಬಾಯಿ ಬಿಟ್ಟು ಹೇಳಬೇಕು. ಇನ್ಯಾರು ಹೇಳಿದ್ರೂ ನಿಲ್ಲಲ್ಲ. ಹೇಳ್ತೀಯಾ?”

ಕೊಡೆ ಎತ್ತಿಕೊಂಡು ಹೊರಟೆ.

“ಯೋಚನೆ ಮಾಡು,” ಅಂತ ಬಾಗಿಲವರೆಗೆ ಬಂದ. “ನಿನ್ನ ಮಗಳು ಮದುವೆಗೆ ಬಂದಿದ್ದಾಳೆ.”

ಜೂನ್ 6, ಗುರುವಾರ

ಹೇಳುತ್ತೇನೆ. ದಾವೆಗೆ ಸಹಿ ಹಾಕಿದೆ.

1964 ಮಾರ್ಚ್ 1, ಭಾನುವಾರ

ಎಷ್ಟು ತಿಂಗಳಾಯಿತು ಬರೆದು. ವಾಯಿದೆ ಮೇಲೆ ವಾಯಿದೆ. ಒಂದು ದಿನ ಅವರ ವಕೀಲರಿಲ್ಲ, ಒಂದು ದಿನ ನಮ್ಮವರಿಲ್ಲ. ದೀಪಾವಳಿ ಬಂತು ಹೋಯಿತು. ಕೆಂಚಪ್ಪ ಇನ್ನೂ ಕಾಯುತ್ತಿದ್ದಾನೆ, ಬೈಯುತ್ತ.

ಇವತ್ತು ಒಳ್ಳೆಯ ಸುದ್ದಿ. ಮಗಳು ಉಮಾಮಹೇಶ್ವರಿಯನ್ನು ಆಯನೂರಿನವರು ನೋಡಿ ಒಪ್ಪಿದರು. ಹುಡುಗ ಹೈಸ್ಕೂಲ್ ಮೇಷ್ಟ್ರು. ಜಮೀನಿದೆ. ದೊಡ್ಡ ಮನೆತನ. ಹುಡುಗನ ತಂದೆ ಅಪ್ಪಾಜಿಯ ಫೋಟೋ ಮುಂದೆ ನಿಂತು ಕೈ ಮುಗಿದರು. “ಇಂಥವರ ಮೊಮ್ಮಗಳು ಅಂದ ಮೇಲೆ ನಾವು ಬೇರೆ ವಿಚಾರಿಸೋದೇನಿದೆ?” ಅಂದರು.

ಅವ್ವನ ಮುಖ ಇಷ್ಟು ಅರಳಿದ್ದನ್ನು ನಾನು ಕಂಡದ್ದೇ ಇಲ್ಲ. ಅವಳಿಗೆ ಕೋರ್ಟಿನ ವಿಷಯ ಗೊತ್ತಿದೆ. ಯಾವುದೋ ಬಾಡಿಗೆ ತಕರಾರು ಅಂತ ಮಾತ್ರ.

ಮೇ 28, ಗುರುವಾರ

ವಾಯಿದೆ ಇತ್ತು. ಪ್ರಧಾನಿ ತೀರಿಕೊಂಡರು ಅಂತ ನಿನ್ನೆಯೇ ರೇಡಿಯೋದಲ್ಲಿ ಬಂತು. ಕೋರ್ಟ್ ಇಲ್ಲ, ಬಜಾರೂ ಇಲ್ಲ. ಎಲ್ಲ ಅಂಗಡಿ ಮುಚ್ಚಿವೆ. ಜನ ಗುಂಪು ಗುಂಪಾಗಿ ಬೀದಿಯಲ್ಲಿ ಸುಮ್ಮನೆ ನಿಂತಿದ್ದರು.

ನನಗೆ ದುಃಖಕ್ಕಿಂತ ಸಿಟ್ಟು. ಇನ್ನೆಷ್ಟು ದಿನ?

ಜೂನ್ 17, ಬುಧವಾರ

ಹೇಳಿದೆ.

ಪ್ರಮಾಣ ಮಾಡುವಾಗ ಒಂದು ಸಲ ತಡವರಿಸಿದೆ. ಆಮೇಲೆ ಸರಾಗ. ಷಣ್ಮುಖಪ್ಪ ಕೇಳಿದ್ದಕ್ಕೆಲ್ಲ ಹೇಳಿದೆ. ನಮ್ಮ ತಂದೆ ಆಕೆಯನ್ನು ಇಟ್ಟುಕೊಂಡಿದ್ದರು. ಶನಿವಾರ ಹೋಗುತ್ತಿದ್ದರು, ಸೋಮವಾರ ಬರುತ್ತಿದ್ದರು. ಬಾಡಿಗೆ ಚೀಟಿ ಲೋಕದ ಕಣ್ಣಿಗೆ. ಅವಳು ಗೋಡೆಯ ಹತ್ತಿರ ಬೆಂಚಿನ ಮೇಲೆ ಕೂತಿದ್ದಳು. ಅವಳ ಕಡೆಯೇ ನೋಡಿಕೊಂಡು ಹೇಳಿದೆ. ಒಂದೊಂದು ಮಾತೂ ಅವಳಿಗೆ ತಾಗಲಿ ಅಂತ.

ಆಮೇಲೆ ಅವಳ ವಕೀಲ ಎದ್ದ. ಎಳೆಯ ಹುಡುಗ.

“ಈ ವಿಷಯ ನಿಮ್ಮ ತಾಯಿಯವರಿಗೆ ಗೊತ್ತಿತ್ತೆ?”

ಇದನ್ನು ಎಣಿಸಿರಲಿಲ್ಲ.

“ಗೊತ್ತಿತ್ತು.”

“ಗೊತ್ತಿದ್ದೂ ಮೂವತ್ತು ವರ್ಷ ಸುಮ್ಮನಿದ್ದರೆ?”

“ಹೌದು.”

“ಎಂಥ ತಾಯಿ!” ಅಂತ ಹಿಂದೆ ಯಾರೋ ಅಂದರು. ಯಾರೋ ನಕ್ಕರು. ಜಡ್ಜ್ ಮೇಜು ಕುಟ್ಟಿದರು.

ಕೆಳಗಿಳಿದು ಬಂದಾಗ ಷಣ್ಮುಖಪ್ಪ ಬೆನ್ನು ತಟ್ಟಿದ. ಮುಂದಿನ ವಾಯಿದೆಗೆ ಅವಳ ಸಾಕ್ಷಿ. “ಏನು ಹೇಳ್ತಾಳೆ ಮಾರಾಯ? ಅತ್ತುಬಿಟ್ರೆ ಕೇಸು ನಮ್ಮದೇ,” ಅಂದ.

ಅಳಲಿ. ಎಲ್ಲರ ಎದುರಿಗೆ ಅಳಲಿ. ನಮ್ಮವ್ವ ಒಳಗೊಳಗೇ ಅತ್ತದ್ದು ಸಾಕು.

ಜೂನ್ 30, ಮಂಗಳವಾರ

ಅಳಲಿಲ್ಲ.

ಬಿಳಿ ಹೂವಿನ ನೀಲಿ ಸೀರೆ, ತೋಳು ಮುಚ್ಚಿ ಸೆರಗು. ಕಟಕಟೆ ಹತ್ತಿ ನಿಂತಳು. ಷಣ್ಮುಖಪ್ಪ ಸುತ್ತಿ ಬಳಸದೆ ಕೇಳಿದ.

“ಉಜ್ಜನಪ್ಪನವರಿಗೂ ನಿಮಗೂ ಏನು ಸಂಬಂಧ?”

“ಅವರು ಮನೆ ಮಾಲೀಕರು. ನಾನು ಬಾಡಿಗೆಗೆ ಇದ್ದೀನಿ.”

“ಮನೆಗೆ ಬರ್ತಿದ್ರಲ್ಲ?”

“ಬಾಡಿಗೆ ವಸೂಲಿಗೆ ಬರ್ತಿದ್ರು.”

ವಸೂಲಿ! ಅದೇ ಮಾತು. ನಮ್ಮವ್ವ ಆಡುತ್ತಿದ್ದ ಅದೇ ಮಾತು.

“ರಾತ್ರಿ ತಂಗ್ತಿರಲಿಲ್ವಾ?”

“ಹೊರಕೋಣೆ ಅವರದ್ದೇ. ಅಲ್ಲಿ ಇರ್ತಿದ್ರೋ ಏನೋ. ಬೇರೆ ಕಡೆಯಿಂದ್ಲೂ ವಸೂಲಿ ಇತ್ತು ಅವರಿಗೆ. ನನ್ನ ಮನೆಯೊಳಗೆ ಕಾಲಿಟ್ಟವರಲ್ಲ.”

“ಪ್ರಾಣ ಬಿಟ್ಟದ್ದು ನಿಮ್ಮ ಮನೆಯಲ್ಲಲ್ವೇ?”

“ಜಗಲಿ ಮೇಲೆ. ಎದೆ ಹಿಡ್ಕೊಂಡು ಕೂತ್ರು. ನೀರು ಕೊಟ್ಟೆ. ದಾರೀಲಿ ಬಿದ್ದವರಿಗೂ ಕೊಡ್ತೀವಿ, ಅಲ್ವಾ?”

“ಹಾಗಾದ್ರೆ ಅವರ ಮಗ ಹೇಳಿದ್ದು ಸುಳ್ಳೇ?”

ಅವಳು ಮೊದಲ ಸಲ ನನ್ನ ಕಡೆ ತಿರುಗಿದಳು.

“ಅವರಿಗೆ ಯಾರೋ ತಪ್ಪು ತಿಳಿಸಿದ್ದಾರೆ. ಉಜ್ಜನಪ್ಪೋರು ದೇವರಂಥವರು. ಅವರ ಮನೆಯಾಕೆ ಹೆಸರು ಇಂಥ ಜಾಗದಲ್ಲಿ ಎತ್ತಬಾರದಿತ್ತು.”

ಇಳಿದು ಹೋದಳು. ಮೂವತ್ತು ವರ್ಷವನ್ನು ಹೀಗೆ ಒರೆಸಿ ಹಾಕಿ ಹೋದಳು, ಒಲೆಕಟ್ಟೆ ಒರೆಸುವ ಹಾಗೆ. ದೇವರ ಮೇಲೆ ಪ್ರಮಾಣ ಮಾಡಿ ಸುಳ್ಳು! ಎದ್ದು ಕೂಗಬೇಕು ಅನ್ನಿಸಿತು — ಸುಳ್ಳು ಹೇಳುತ್ತಿದ್ದಾಳೆ, ನಮ್ಮಪ್ಪನನ್ನು ಒಳ್ಳೆಯವನು ಅನ್ನುತ್ತಿದ್ದಾಳೆ ಅಂತ. ಇಂಥದ್ದನ್ನು ಯಾವ ಮಗ ಕೂಗುತ್ತಾನೆ?

ಹೊರಗೆ ಜನ ನನಗೆ ದಾರಿ ಬಿಟ್ಟರು. ಮರ್ಯಾದೆಗಲ್ಲ.

ಜುಲೈ 9, ಗುರುವಾರ

ಆಯನೂರಿನವರು ಹೇಳಿ ಕಳಿಸಿದ್ದಾರೆ. ಸಂಬಂಧ ಬೇಡವಂತೆ. “ಅಜ್ಜ ಹಾಗಿದ್ದರೆ ಅದೊಂದು ಮಾತು. ಹಾಗಿರದಿದ್ದರೆ ಮಗ ಅಪ್ಪನ ಮೇಲೇ ಸುಳ್ಳು ಹೇಳುವವ. ಎರಡರಲ್ಲಿ ಯಾವುದಾದರೂ ನಮಗೆ ಕಷ್ಟ” — ಇಷ್ಟು ಅವರ ಮಾತು. ಉಮಾ ಬಾಗಿಲು ಹಾಕಿಕೊಂಡು ಒಳಗಿದ್ದಾಳೆ. ರಾಜೇಶ್ವರಿ ನನಗೆ ತಟ್ಟೆ ಇಟ್ಟು ಒಳಗೆ ಹೋಗುತ್ತಾಳೆ.

ಸಂಜೆ ಅವ್ವ ಕರೆದಳು. ದೇವರ ಕೋಣೆಯಲ್ಲಿ ಕೂತಿದ್ದಳು.

“ಕೋರ್ಟಲ್ಲಿ ಏನು ಹೇಳಿದೆ?”

“ಬಾಡಿಗೆ ವಿಷಯ ಅವ್ವ.”

“ಊರೆಲ್ಲ ಹೇಳ್ತಿದೆ. ನಿನ್ನ ಬಾಯಿಂದ ಕೇಳಬೇಕು. ಹೇಳು.”

ಹೇಳಲಾಗಲಿಲ್ಲ. ನೂರು ಜನರ ಮುಂದೆ ಹೇಳಿದ್ದು, ಒಬ್ಬಳ ಮುಂದೆ ಬರಲಿಲ್ಲ.

“ಹೋಗು,” ಅಂದಳು. ದೇವರ ಕಡೆ ತಿರುಗಿ ಕೂತಳು.

ಒಂದೇ ಸಮಾಧಾನ. ಕೆಂಚಪ್ಪ ಸುದ್ದಿ ತಂದ. ಅವಳಿಗೆ ಬಟ್ಟೆ ಹೊಲಿಯಲು ಕೊಡುತ್ತಿದ್ದ ಹೆಂಗಸರೆಲ್ಲ ನಿಂತುಬಿಟ್ಟರಂತೆ. ಆಫೀಸರರ ಹೆಂಡತಿಯರು ಕೊಟ್ಟ ಬಟ್ಟೆಯನ್ನೂ ವಾಪಸ್ ತರಿಸಿಕೊಂಡರಂತೆ. ಮಿಷನ್ ಸದ್ದೇ ಇಲ್ಲವಂತೆ. ಅವಳು ಕೋರ್ಟಿನಲ್ಲಿ ಏನು ಹೇಳಿದರೇನು? ಜನ ನಂಬಿದ್ದು ನನ್ನನ್ನೇ.

ಒಂದು ಲೋಟ ಕಾಫಿ ಹೆಚ್ಚಿಗೆ ಕುಡಿದೆ.

ಆಗಸ್ಟ್ 21, ಶುಕ್ರವಾರ

ಸೋತೆ. ಬಾಡಿಗೆದಾರಳೇ ಅಂತ ತೀರ್ಪು. ಖರ್ಚೂ ನಾನೇ ಕೊಡಬೇಕು. ಚೀಟಿಗಳು ಸುಳ್ಳು ಅನ್ನಲು ಮಗನ ಮಾತು ಬಿಟ್ಟು ಬೇರೇನೂ ಆಧಾರವಿಲ್ಲ, ಆ ಮಾತೂ ಸ್ವಾರ್ಥದ್ದು ಅಂತ ಜಡ್ಜ್ ಬರೆದಿದ್ದಾರೆ.

ಅಪೀಲು ಹಾಕೋಣ ಅಂದೆ. ಷಣ್ಮುಖಪ್ಪ ನಿಟ್ಟುಸಿರು ಬಿಟ್ಟ.

ಗಿರಾಕಿ ಬರದೆ ಹಸಿವಿಗೆ ಬಿದ್ದರೆ ಅವಳೇ ಹೋಗುತ್ತಾಳೆ. ಅಪೀಲೂ ಬೇಕಾಗದೇ ಇರಬಹುದು.

ಆಗಸ್ಟ್ 22, ಶನಿವಾರ

ಅಂಗಡಿಯಿಂದ ಬಂದರೆ ಅವ್ವ ಇಲ್ಲ. ಟ್ರಂಕು, ಪೂಜೆ ಪೆಟ್ಟಿಗೆ, ಕಂಬಳಿ ಯಾವುದೂ ಇಲ್ಲ. ಹೊರಕೋಣೆಯ ಬೀಗದ ಕೈಯೂ ಮೊಳೆಯಲ್ಲಿಲ್ಲ.

“ಎಲ್ಲಿ?” ಅಂತ ಕೂಗಿದೆ.

“ಜಟಕಾ ತರಿಸ್ಕೊಂಡು ಸ್ಟೇಷನ್‌ಗೆ ಹೋದ್ರು,” ಅಂದಳು ರಾಜೇಶ್ವರಿ. “ಎಲ್ಲಿಗೆ ಅತ್ತೆ ಅಂದೆ. ವಸೂಲಿಗೆ ಅಂದ್ರು.”

ಆಗಸ್ಟ್ 23, ಭಾನುವಾರ

ಮೊದಲ ಬಸ್ಸಿಗೇ ಹೋದೆ.

ಅವ್ವ ಜಗಲಿ ಮೇಲೆ ಮೊರ ಇಟ್ಟುಕೊಂಡು ಅಕ್ಕಿ ಆರಿಸುತ್ತಿದ್ದಳು. ಬೀದಿಗೆ ಕಾಣುವ ಹಾಗೆ, ನಡುಮಧ್ಯೆ. ಎದುರು ಮನೆಗಳ ಬಾಗಿಲಲ್ಲೆಲ್ಲ ಹೆಂಗಸರು. ಹೊರಕೋಣೆ ಬಾಗಿಲು ತೆರೆದಿತ್ತು. ಒಳಗೆ ಅವ್ವನ ಚಾಪೆ, ಪೂಜೆ ಪೆಟ್ಟಿಗೆ, ಇದ್ದಿಲ ಒಲೆ.

“ನಡಿ ಅವ್ವ, ಮನೆಗೆ.”

“ಇದೂ ನಮ್ಮ ಮನೇನೇ. ಇನ್ನೂ ರಿಜಿಸ್ಟರ್ ಆಗಿಲ್ವಲ್ಲ.”

“ಅವಳ ಜೊತೆ ಇರ್ತೀಯಾ ನೀನು?”

“ಅವಳ ಜೊತೆ ಯಾರಿದ್ದಾರೆ? ಅವಳ ಒಲೆ ಅವಳಿಗೆ, ನನ್ನ ಒಲೆ ನನಗೆ. ಒಂದು ಮಾತೂ ಆಡಿಲ್ಲ. ಆಡೋದೂ ಇಲ್ಲ.” ಒಂದು ಕಲ್ಲು ಆರಿಸಿ ಬೀದಿಗೆ ಎಸೆದಳು. ದನಿ ತಗ್ಗಿಸಿದಳು. “ಆ ಹೆಂಗಸರನ್ನ ನೋಡು. ನಿನ್ನೆಯಿಂದ ಅಲ್ಲೇ ನಿಂತಿದ್ದಾರೆ. ಕಟ್ಟಿಕೊಂಡ ಹೆಂಡ್ತಿ, ಇಟ್ಟುಕೊಂಡೋಳ ಬಾಗಿಲಲ್ಲಿ ಕೂತು ಅಕ್ಕಿ ಆರಿಸ್ತಾಳಾ? ಯಾವ ಊರಲ್ಲಾದ್ರೂ ಉಂಟಾ? ಹಾಗಾದ್ರೆ ಆ ಮಾತು ಸುಳ್ಳೇ ಇರಬೇಕು ಅಂತ ಅವರವರೇ ಮಾತಾಡ್ಕೋತಿದ್ದಾರೆ. ಇನ್ನು ನಾಲ್ಕು ದಿನಕ್ಕೆ ಶಿವಮೊಗ್ಗಕ್ಕೂ ಹೋಗುತ್ತೆ. ಆಯನೂರಿಗೂ ಹೋಗುತ್ತೆ.”

“ಆದ್ರೆ ಅದು ಸುಳ್ಳಲ್ಲ ಅವ್ವ! ನಾನು ಹೇಳಿದ್ದು ನಿಜ. ನಿನಗೂ ಗೊತ್ತು!”

“ಮೆಲ್ಲಗೆ.” ಮೊರ ಪಕ್ಕಕ್ಕಿಟ್ಟಳು. “ನನಗೆ ಗೊತ್ತಿಲ್ದೆ ಯಾರಿಗೆ ಗೊತ್ತು? ಮೂವತ್ತು ವರ್ಷ ಒಳಗಿಟ್ಟು ಸಾಕಿದ ಸುಳ್ಳು ಅದು. ಅದರ ಮೇಲೆ ನಾನು ನಾಲ್ಕು ಜನರ ಮುಂದೆ ತಲೆ ಎತ್ತಿ ಓಡಾಡಿದೆ. ಹಬ್ಬ ಮಾಡಿದೆ, ನಿನ್ನ ಮದುವೆ ಮಾಡಿದೆ. ಅದನ್ನ ಕೊಲ್ಲೋಕೆ ನೀನ್ಯಾರು?”

“ನಿನ್ನ ಸಲುವಾಗಿಯೇ ಮಾಡಿದೆ.”

“ನಾನು ಕೇಳಿದ್ನಾ?”

ನಾನು ಜಗಲಿಯ ಅಂಚಿಗೆ ಕೂತೆ.

“ನಿಂಗೆ ಸಿಟ್ಟಿತ್ತು. ನಂಗಿರಲಿಲ್ವಾ?” ಅಂದಳು. “ಅವಳ ಮೇಲೆ ನಂಗೆ ಕರುಣೆ ಬಂತು ಅಂತ ತಿಳ್ಕೋಬೇಡ. ಒಳಗೆ ಆ ಮಿಷನ್ ಸದ್ದು ಕೇಳಿದಾಗೆಲ್ಲ ಎದ್ದು ಹೋಗಿ ನಿಲ್ಲಿಸಬೇಕು ಅನ್ಸುತ್ತೆ. ಆದ್ರೂ ಕೋರ್ಟಲ್ಲಿ ಅವಳು ನನ್ನ ಮಾನ ಮುಚ್ಚಿದಳು. ನೀನು ಬಿಚ್ಚಿದೆ. ಅವಳ ಲೆಕ್ಕ ಆಮೇಲೆ. ಮೊದಲು ನಿನ್ನದು.”

“ಎಷ್ಟು ದಿನ ಇರ್ತೀಯ?”

“ಸಾಯೋವರೆಗೆ. ಖಾಲಿ ಮಾಡಿಸಬೇಕಾ? ಕೋರ್ಟಿಗೆ ಹೋಗು. ನಿನಗೆ ದಾರಿ ಗೊತ್ತಲ್ಲ.”

ಮೊರ ಎತ್ತಿಕೊಂಡಳು. ಒಳಗೆ ಮಿಷನ್ ಶುರುವಾಯಿತು. ಒಬ್ಬ ಹೆಂಗಸು ಬೀದಿ ದಾಟಿ ಬಂದಳು, ಕೈಯಲ್ಲಿ ರವಿಕೆ ಬಟ್ಟೆ. ಅವ್ವನಿಗೆ ನಮಸ್ಕಾರ ಮಾಡಿ, “ಹೊಲಿಯೋಕೆ ಕೊಡೋಕೆ ಬಂದೆ ಅಮ್ಮಾ. ಒಳಗಿದ್ದಾರಾ ನಿಮ್ಮ ಬಾಡಿಗೆಯೋರು?” ಅಂದಳು.

“ಇದ್ದಾಳೆ, ಹೋಗು,” ಅಂದಳು ಅವ್ವ.

ಸೆಪ್ಟೆಂಬರ್ 6, ಭಾನುವಾರ

ಕೆಂಚಪ್ಪ ಅಡ್ವಾನ್ಸ್ ವಾಪಸ್ ತೆಗೆದುಕೊಂಡು ಹೋದ. “ಹೆತ್ತ ತಾಯಿ ಇರೋ ಮನೆ ನನಗೆ ಬೇಡ ಸ್ವಾಮಿ. ನಿಮ್ಮ ಸಹವಾಸಾನೂ ಬೇಡ,” ಅಂದ.

ಆಯನೂರಿನಿಂದ ಹುಡುಗನ ತಂದೆ ತಾವೇ ಬಂದರು. ಅಪ್ಪಾಜಿಯ ಫೋಟೋಗೆ ಮತ್ತೆ ಕೈ ಮುಗಿದರು. ನನ್ನ ಮುಖ ನೋಡಲಿಲ್ಲ, ರಾಜೇಶ್ವರಿಯ ಹತ್ತಿರವೇ ಮಾತಾಡಿದರು. “ಆ ತಾಯಿಯೇ ಹೋಗಿ ಅಲ್ಲಿದ್ದಾರೆ ಅಂದ ಮೇಲೆ ನಮಗೆ ಅನುಮಾನ ಇಲ್ಲಮ್ಮ. ಮನೆ ಮಾರೋ ಆಸೆಗೆ ಯಾರದೋ ಮಾತು ಕೇಳಿ ಏನೋ ಹೇಳಿದ್ದಾರೆ. ಕೇಸು ಇಲ್ಲಿಗೇ ಬಿಟ್ಟರೆ ಮುಂದಿನ ತಿಂಗಳೇ ಲಗ್ನ.”

ಅಂದರೆ ನಾನು ಸುಳ್ಳುಗಾರ ಅಂತ ಒಪ್ಪಿದರೆ ಮಗಳಿಗೆ ಮದುವೆ.

ಬಜಾರಿನಲ್ಲೂ ಅದೇ. ನಿನ್ನೆ ಒಬ್ಬ ಮುದುಕ ಬಿಂದಿಗೆ ಕೊಳ್ಳಲು ಬಂದವನು ಅಂಗಡಿ ಯಾರದ್ದು ಅಂತ ತಿಳಿದು ವಾಪಸ್ ಇಟ್ಟ. “ಅಪ್ಪನ ಮೇಲೆ ಹೇಳಿದವನಲ್ವಾ?” ಅಂದ. ನನಗೆ ಕೇಳುವ ಹಾಗೇ.

ಹೇಳಿದ್ದರಲ್ಲಿ ಒಂದೂ ಸುಳ್ಳಲ್ಲ. ಒಂದೂ ಅಲ್ಲ.

ಸೆಪ್ಟೆಂಬರ್ 14, ಸೋಮವಾರ. ಮಧ್ಯಾಹ್ನ, ಅಂಗಡಿಯಲ್ಲಿ

ಷಣ್ಮುಖಪ್ಪನ ಗುಮಾಸ್ತ ಅಪೀಲಿನ ಕಾಗದ ಕೊಟ್ಟು ಹೋದ. ಸಂಜೆಯೊಳಗೆ ಸಹಿ ಮಾಡಿ ಕಳಿಸಬೇಕಂತೆ, ವಾಯಿದೆ ಮೀರುತ್ತದೆ. ಬೇಡವಾದರೆ ಹರಿದು ಹಾಕು ಅಂತ ಹೇಳಿ ಕಳಿಸಿದ್ದಾನೆ.

ಹೊರಕೋಣೆ ಈಗ ಅವ್ವನ ಕೈಯಲ್ಲಿರುವುದರಿಂದ ಅವಳನ್ನೂ ಸೇರಿಸಬೇಕಾಯಿತಂತೆ. ಓದಿದೆ.

ಒಂದನೇ ಎದುರುದಾರರು, ಪುಷ್ಪಮ್ಮ. ಮುಂದೆ ಏನೂ ಇಲ್ಲ, ಖಾಲಿ. ಎರಡನೇ ಎದುರುದಾರರು, ಕಲ್ಲಮ್ಮ ಕೋಂ ಲೇಟ್ ಉಜ್ಜನಪ್ಪ. ಇಬ್ಬರಿಗೂ ಅದೇ ಮನೆ, ಅದೇ ಬೀದಿ. ಒಂದರ ಕೆಳಗೆ ಒಂದು ಹೆಸರು.

ಈ ಎರಡು ಹೆಸರು ಒಂದು ಕಾಗದದ ಮೇಲೆ ಬರದ ಹಾಗೆ ಅಪ್ಪಾಜಿ ಸಾಯುವವರೆಗೂ ನೋಡಿಕೊಂಡರು. ನಾನು —

ಬಿಡಬೇಕಾ? ಬಿಟ್ಟರೆ ನಾನು ಸುಳ್ಳುಗಾರ, ಸಾಯುವವರೆಗೆ. ಅವಳು ಮಿಷನ್ ತುಳಿಯುತ್ತ ಹಾಯಾಗಿ ಇರುತ್ತಾಳೆ. ಇಲ್ಲ. ಆಗುವುದಿಲ್ಲ. ಅವಳನ್ನು ಬಿಡುವುದಿಲ್ಲ. ಅವ್ವ ಇದ್ದರೂ ಸರಿ.

ಉಮಾ ಊಟದ ಕ್ಯಾರಿಯರ್ ತಂದಿಟ್ಟು ಎದುರಿಗೆ ನಿಂತಿದ್ದಾಳೆ. ಇಷ್ಟು ದಿನದಲ್ಲಿ ಮೊದಲ ಸಲ ಅಂಗಡಿಗೆ ಬಂದಿದ್ದಾಳೆ. ಏನು ಕಾಗದ ಅಪ್ಪಾಜಿ ಅಂತ ಕೇಳಲಿಲ್ಲ. ಓದುತ್ತಿದ್ದಾಳೆ, ತಲೆಕೆಳಗಾಗಿ.

ಸಹಿ ಮಾಡುವ ಕಡೆ ಪೆನ್ಸಿಲಿನ ಗುರುತಿದೆ. ‘ಶಿ’ ಬರೆದೆ. ಮುಂದೆ ಪೆನ್ನು ಸಾಗುತ್ತಿಲ್ಲ.